ಟಾಕಿ ಹಾಕಿದ ಕೈ

ನಾನು ಒಂದು ದಾರ. ರೇಷ್ಮೆ ದಾರವಲ್ಲ, ಜರಿಯಲ್ಲ, ದೇವರ ಕೊರಳಿಗೆ ಹೂ ಕಟ್ಟುವ ನೂಲೂ ಅಲ್ಲ. ಸಕ್ಕರೆ ಚೀಲದ ಬಾಯಿ ಹೊಲಿಯುವ ದಪ್ಪನೆಯ ಬಿಳಿ ದಾರ. ಹುಟ್ಟಿದ್ದು ಯಾವುದೋ ಮಿಲ್ಲಿನಲ್ಲಿ. ನನ್ನ ಹತ್ತಿ ಯಾವ ಹೊಲದ್ದು, ಬಿಡಿಸಿದ ಕೈ ಯಾರದು, ಒಂದೂ ಗೊತ್ತಿಲ್ಲ. ಕಣ್ಣು ಬಿಡುವಷ್ಟರಲ್ಲಿ ಒಂದು ಯಂತ್ರ ಟಕಟಕ ಎಂದು ನನ್ನನ್ನು ಚೀಲದ ಬಾಯಿಗೆ ಪೋಣಿಸಿ ಲಾರಿ ಹತ್ತಿಸಿತು.

ಚೀಲದ ಬಾಯಿಯ ಹೊಲಿಗೆಯನ್ನು ನೀವೂ ನೋಡಿರುತ್ತೀರಿ. ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಹಿಡಿದರೆ ಅಂಗಡಿಯವನ ಅಪ್ಪ ಬಂದರೂ ಬಿಚ್ಚುವುದಿಲ್ಲ. ಹಿಡಿದುಕೊಳ್ಳುವುದು, ಬಿಚ್ಚಿಸಿಕೊಳ್ಳುವುದು, ಇವೆರಡೇ ನನಗೆ ಬರುವ ವಿದ್ಯೆ. ಅದೂ ಬೇರೆಯವರು ಮಾಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಮುಂದಿನ ಕತೆ ಕೇಳಿ, "ನೀನು ಅಲ್ಲೇ ಇದ್ದೆಯಲ್ಲ, ಏನಾದರೂ ಮಾಡಬಾರದಿತ್ತೇ?" ಎಂದು ನನ್ನನ್ನು ಕೇಳಬೇಡಿ.

ಲಾರಿ ನನ್ನನ್ನು ಇಳಿಸಿದ್ದು ಗದಗಿನ ಕಡೆಯ ಒಂದು ಊರಿನ ಕಿರಾಣಿ ಅಂಗಡಿಯಲ್ಲಿ. ಅಲ್ಲಿ ಕಾಳುಕಡಿ ಹಸನು ಮಾಡಲು ಬರುತ್ತಿದ್ದ ಫಕೀರವ್ವ ಚೀಲ ಬಿಚ್ಚಿದಾಗಲೆಲ್ಲ ದಾರವನ್ನು ಬಿಡದೆ ಎತ್ತಿಕೊಳ್ಳುತ್ತಿದ್ದಳು. "ಕಸಾನೂ ಬಿಡಂಗಿಲ್ಲಲ್ಲ ಈಕಿ" ಎಂದು ಅಂಗಡಿಯವನು ನಗುತ್ತಿದ್ದ. ಅವಳು ಮನೆಗೆ ಹೋಗಿ ನಮ್ಮನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ, ಮೆಕ್ಕೆಜೋಳದ ಬೆಂಡಿಗೆ ಸುತ್ತಿ ಇಡುತ್ತಿದ್ದಳು. ಹಾಗಾಗಿ ನಾನು ಎನ್ನುವಾಗ ಅದರಲ್ಲಿ ಹಲವು ಚೀಲಗಳ ದಾರ ಸೇರಿದೆ.

ಫಕೀರವ್ವನಿಗೆ ಇನ್ನೂ ಚಿಕ್ಕ ವಯಸ್ಸು. ಗಂಡ ಯಮನಪ್ಪ ಟ್ರ್ಯಾಕ್ಟರ್ ಮಗುಚಿ ತೀರಿಕೊಂಡಿದ್ದ. ಮನೆಯಲ್ಲಿ ಉಳಿದವರು ಅವಳು, ಅತ್ತೆ ಶಿವಗಂಗವ್ವ ಮತ್ತು ಸಣ್ಣ ಮಗಳು ನಿಂಬವ್ವ. ನಿಂಬವ್ವನನ್ನು ಎಲ್ಲರೂ ನಿಂಬಿ ಎನ್ನುತ್ತಿದ್ದರು. ಶಿವಗಂಗವ್ವನ ಬಾಯಿ ಊರಿಗೇ ಗೊತ್ತಿದ್ದ ಬಾಯಿ. ಬೆಳಗ್ಗೆ ಎದ್ದು ಕಾಗೆಗೆ ಬೈದು, ಒಲೆಗೆ ಬೈದು, ಆಮೇಲೆ ಸೊಸೆಯ ಸರದಿ. ಆದರೆ ಸೊಸೆ ಉಂಡಳೋ ಇಲ್ಲವೋ ಎಂದು ನೋಡದೆ ತಾನು ರೊಟ್ಟಿ ಮುರಿದವಳಲ್ಲ.

ಒಂದು ದಿನ ಫಕೀರವ್ವನ ಅಣ್ಣ ಬಂದು, ತಂಗಿಗೆ ಉಡಿಕೆ ಮಾಡುತ್ತೇವೆ ಎಂದ. ಉಡಿಕೆ ಎಂದರೆ ಗಂಡ ಸತ್ತವಳಿಗೆ ಮಾಡುವ ಎರಡನೆಯ ಮದುವೆ. ಗಂಡು ಬಾಳಪ್ಪ, ಬೇರೆ ಊರಿನಲ್ಲಿ ಮನೆ ಕಟ್ಟುವ ಗೌಂಡಿ, ಕೆಟ್ಟವನಲ್ಲ. ಶಿವಗಂಗವ್ವ ಸೊಸೆಯನ್ನು ತಡೆಯಲಿಲ್ಲ. ಆದರೆ ಮೊಮ್ಮಗಳ ಮಾತು ಬಂದಾಗ ಗೋಡೆಯ ಹಾಗೆ ನಿಂತಳು.

"ಮಗನ್ನಂತೂ ಮಣ್ಣಿಗೆ ಕೊಟ್ಟೆ. ಈ ಕೂಸಿನ್ನೂ ಕಳಿಸಿ ನಾ ಯಾರ ಮುಖಾ ನೋಡ್ಲಿ?"

ಕೂಸು ಅಜ್ಜಿಯ ಹತ್ತಿರವೇ ಇರಲಿ ಎಂದು ಹಿರಿಯರು ತೀರ್ಮಾನ ಮಾಡಿದರು. ಉಡಿಕೆಯಾಗಿ ಹೋದವಳು ಮತ್ತೆ ಹಳೆಯ ಮನೆಯ ಹೊಸ್ತಿಲು ತುಳಿಯಬಾರದು ಎಂಬುದೂ ಅವರದೇ ಮಾತು. ಫಕೀರವ್ವ ಅತ್ತಳು, ಕಾಲಿಗೆ ಬಿದ್ದಳು. ಯಾರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ, ಆದರೆ ಮಾತನ್ನೂ ಯಾರೂ ಬದಲಿಸಲಿಲ್ಲ.

ಹೋಗುವ ಮುಂಚೆ ಮಗಳಿಗೆ ಹೊದೆಯಲು ಹಳೆಯ ಬಟ್ಟೆಗಳದೊಂದು ಕೌದಿ ಹೊಲಿದು ಹೋಗುತ್ತೇನೆ ಎಂದು ಅವಳು ಪಡಸಾಲೆಯನ್ನು ಸಾರಿಸಿದಳು. ತಳಕ್ಕೆ ತನ್ನ ಹಸಿರು ಇಳಕಲ್ ಸೀರೆ ಹಾಸಿದಳು. ಅದು ಜರುಗದಂತೆ ಮೂಲೆಗಳಿಗೆ ನೀರು ತುಂಬಿದ ಕೊಡಗಳನ್ನಿಟ್ಟಳು. ಅದರ ಮೇಲೆ ಗಂಡನ ಧೋತ್ರ, ಅತ್ತೆಯ ಸವೆದ ಸೀರೆ. ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳು: ನಿಂಬಿಗೆ ಗಿಡ್ಡವಾದ ಲಂಗ, ಹಳೆಯ ಕುಬಸದ ಖಣ, ಯಮನಪ್ಪನ ಚೌಕಡಿ ಅಂಗಿ.

ಕೌದಿಗೆ ಸಣ್ಣ ಹೊಲಿಗೆ ಹಾಕುವ ಮೊದಲು ಪದರುಗಳು ಒಂದನ್ನೊಂದು ಬಿಟ್ಟು ಜಾರದಂತೆ ಉದ್ದುದ್ದ ಹೊಲಿಗೆ ಹಾಕಬೇಕು. ಅದಕ್ಕೆ ಕಚ್ಚಾ ಟಾಕಿ ಎನ್ನುತ್ತಾರೆ. ಸಣ್ಣ ಹೊಲಿಗೆ ಮುಗಿಯುತ್ತ ಬಂದಂತೆ ಟಾಕಿಯನ್ನು ಕತ್ತರಿಸಿ ಕಿತ್ತು ಎಸೆಯುತ್ತಾರೆ. ಎಸೆಯುವುದಕ್ಕೆ ಒಳ್ಳೆಯ ದಾರ ಯಾಕೆ ದಂಡ ಎಂದು ನನ್ನಂಥವರನ್ನು ಹಿಡಿಯುತ್ತಾರೆ. ಫಕೀರವ್ವ ನನ್ನನ್ನು ದೊಡ್ಡ ಸೂಜಿಗೆ ಪೋಣಿಸಿ, ನಟ್ಟನಡುವೆ ಕೂತು, ಅಂಗೈಯಿಂದ ಬಟ್ಟೆಯನ್ನು ಸವರುತ್ತ ಸವರುತ್ತ ಅಂಚಿನ ಕಡೆಗೆ ಟಾಕಿ ಹಾಕಿದಳು. ಅಂಚಿನಿಂದ ನಡುವಿಗೆ ಬಂದರೆ ಸುಕ್ಕೆಲ್ಲ ಒಂದು ಕಡೆ ಸೇರಿ ಕೌದಿಗೆ ಹೊಟ್ಟೆ ಬರುತ್ತದೆ. ನಿಂಬಿ ಮಾತ್ರ ಹೊಟ್ಟೆಯ ಜಾಗದಲ್ಲೇ ಮಲಗಿ ಉರುಳಾಡುತ್ತಿದ್ದಳು. ಎಬ್ಬಿಸಿದಷ್ಟೂ ಮತ್ತೆ ಬಂದು ಮಲಗುತ್ತಿದ್ದಳು.

ಟಾಕಿ ಮುಗಿಸಿ ಫಕೀರವ್ವ ಎದ್ದರೆ ಕೌದಿಯೂ ಅವಳ ಜೊತೆಗೆ ಎದ್ದಿತು. ಕಣ್ಣೀರಿನಲ್ಲಿ ಕಾಣದೆ, ಉಟ್ಟ ಸೀರೆಯ ಅಂಚನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು. ನಿಂಬಿ ಕೇಕೆ ಹಾಕಿ ನಕ್ಕಳು. ಶಿವಗಂಗವ್ವನೂ ನಕ್ಕು, "ಹೋಗಾಕ ಮನಸ್ಸಿಲ್ಲಂತ ಸೀರಿನ ಹೇಳಾಕತ್ತೈತಿ ನೋಡು" ಎಂದು ಅಂದಳು. ಅಂದ ಮೇಲೆ ಅವಳ ನಗು ಅಲ್ಲಿಗೇ ನಿಂತಿತು. ದಾರ ಕತ್ತರಿಸಿದರೆ ಸಾಲೆಲ್ಲ ಸಡಿಲಾದೀತೆಂದು ಫಕೀರವ್ವ ಸೀರೆಯ ಅಂಚನ್ನೇ ಹರಿದು ಬಿಡಿಸಿಕೊಂಡಳು.

ಸಣ್ಣ ಹೊಲಿಗೆಗೆ ಎಷ್ಟೋ ದಿನ ಬೇಕು. ಆದರೆ ಬಾಳಪ್ಪನ ಕಡೆಯವರು ಉಡಿಕೆಯನ್ನು ಮುಂದೆ ಹಾಕಲಿಲ್ಲ, ಹೇಳಿದ ದಿನಕ್ಕಿಂತ ಮೊದಲೇ ಇಟ್ಟುಕೊಂಡರು. ಕೌದಿ ಟಾಕಿಯಲ್ಲೇ ನಿಂತಿತು. ಹೊರಡುವ ದಿನ ಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಮುಂದೆ ಫಕೀರವ್ವ ಒಂದೇ ಮಾತು ಹೇಳಿದಳು.

"ಕೌದಿ ಅರ್ಧಾ ಉಳಿದೈತ್ರಿ."

ಆ ಊರಿನಲ್ಲಿ ಒಂದು ನಂಬಿಕೆ ಇತ್ತು. ಒಬ್ಬರು ಟಾಕಿ ಹಾಕಿದ ಕೌದಿಯನ್ನು ಇನ್ನೊಬ್ಬರು ಮುಗಿಸಬಾರದು, ಮುಗಿಸಿದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ. ಹಿರಿಯರು ಶಿವಗಂಗವ್ವನ ಮುಖ ನೋಡಿದರು. ಅವಳು ಗೋಡೆಯ ಕಡೆ ತಿರುಗಿ, ಯಾರಿಗೋ ಬೈಯುವವಳ ಹಾಗೆ ಹೇಳಿದಳು: "ಟಾಕಿ ಹಾಕಿದ ಕೈನ ಮುಗಸಬೇಕಲ್ಲ ಮತ್ತ? ನನ್ನ ಯಾಕ ಕೇಳ್ತೀರಿ?"

"ಆತ ಬಿಡ್ರಿ" ಎಂದರು ಹಿರಿಯರು. "ಕೌದಿ ಮುಗಿಯೂತನಕ ಬಂದು ಹೋಗಲಿ. ಮುಗಿದ ದಿನಾ ಬರೂದೂ ಮುಗೀತು."

ಕರೆದೊಯ್ಯಲು ಬಂದಿದ್ದ ಬಾಳಪ್ಪನೂ ಒಪ್ಪಿ ತಲೆಯಾಡಿಸಿದ. ಹೀಗೆ ಎಸೆಯುವ ದಾರವಾದ ನನ್ನ ಮೇಲೆ ಒಬ್ಬ ತಾಯಿಯ ಹೋಗಿಬರುವ ದಾರಿ ನಿಂತಿತು. ನನಗೆ ಹೆದರಿಕೆಯಾಯಿತು. ನಾನು ಇಂಥ ಕೆಲಸಕ್ಕೆ ಹುಟ್ಟಿದವನಲ್ಲ.

ನಾಗರ ಪಂಚಮಿಗೊಮ್ಮೆ, ಸುಗ್ಗಿ ಮುಗಿದ ಮೇಲೆ ಒಮ್ಮೆ, ಬಾಳಪ್ಪ ಅವಳನ್ನು ಬೆಳಗಿನ ಬಸ್ಸಿಗೆ ಕರೆತಂದು ಸಂಜೆಯ ಬಸ್ಸಿಗೆ ಕರೆದೊಯ್ಯುತ್ತಿದ್ದ. ತಾನು ಒಳಗೆ ಬರದೆ ಕಟ್ಟೆಯ ಮೇಲೆ ಕೂರುತ್ತಿದ್ದ. ತೆರೆದ ಬಾಗಿಲಿನಿಂದ ಪಡಸಾಲೆ ಅವನಿಗೆ ಕಾಣುತ್ತಿತ್ತು. ಊರಿನಲ್ಲಿ ಅವನನ್ನು, "ಹೆಂಡತಿನ್ನ ಹಳೇ ಮನೀಗೆ ಬಿಟ್ಟು ಕಾಯೋ ಗಂಡ" ಎಂದು ಆಡಿಕೊಳ್ಳುತ್ತಿದ್ದರಂತೆ. ಹಾಗಾಗಿ ಪ್ರತಿ ಸಲ ಏಳುವಾಗ ಕೇಳುತ್ತಿದ್ದ: "ಎಷ್ಟ ಉಳೀತು?"

"ಇನ್ನೂ ಭಾಳ ಐತ್ರಿ" ಎನ್ನುತ್ತಿದ್ದಳು ಫಕೀರವ್ವ.

ಭಾಳ ಇರಲೇಬೇಕು. ಇರುವೆ ಸಾಲಿನಷ್ಟು ಸಣ್ಣ ಹೊಲಿಗೆ ಹಾಕುತ್ತಿದ್ದಳು. ಅಂಚಿನಿಂದ ಸುತ್ತು ಬರುತ್ತಿದ್ದಳು. ಬಾಳಪ್ಪ ಬೀಡಿ ತರಲು ಎದ್ದು ಹೋದರೆ ಒಂದು ಗೇಣು ಬಿಚ್ಚುತ್ತಿದ್ದಳು. ಸಂಜೆಯ ಹೊತ್ತಿಗೆ ಒಂದು ಸಾಲು ಮುಗಿದರೆ ಹೆಚ್ಚು. ಆ ಸಾಲಿನ ಪಕ್ಕದ ಟಾಕಿಯನ್ನು ಅವಳು ಕತ್ತರಿಸುವಾಗ ನನ್ನ ತುಂಡೊಂದು ಉದುರುತ್ತಿತ್ತು. ನೋವಿಗಿಂತ ಲೆಕ್ಕ ನನ್ನನ್ನು ಕಾಡುತ್ತಿತ್ತು. ನಾನು ಕಡಿಮೆಯಾದಷ್ಟೂ ಅವಳ ದಾರಿ ಕಡಿಮೆಯಾಗುತ್ತಿತ್ತು.

ಶಿವಗಂಗವ್ವ ಗೊಣಗದೆ ಬಿಡುತ್ತಿರಲಿಲ್ಲ. "ಕೈಯಾಗ ಏನ ಹಿಡಿದೈತಿ ನಿಂಗ? ಕಣ್ಣ ಕಾಣದ ಮುದುಕಿ ನಾ ಇದಕ್ಕಿಂತ ಲಗೂ ಹೊಲೀತೀನಿ." ಎಂದವಳು ಒಮ್ಮೆಯೂ ಸೂಜಿ ಮುಟ್ಟಲಿಲ್ಲ. ಕೌದಿಯನ್ನು ಒಗೆಯಲೂ ಇಲ್ಲ. ಒಗೆದರೆ ಟಾಕಿ ತುಂಡಾಗುತ್ತದೆಂದು ಬಿಸಿಲಿಗಷ್ಟೇ ಹಾಕುತ್ತಿದ್ದಳು. ನಿಂಬಿ ಅದನ್ನೇ ಹೊದ್ದು ಮಲಗುತ್ತಿದ್ದಳು. ಅವಳು ಹೊರಳಾಡಿದಾಗಲೆಲ್ಲ ಒಳಗಿನ ಧೋತ್ರ ಒಂದು ಕಡೆಗೆ, ಸೀರೆ ಇನ್ನೊಂದು ಕಡೆಗೆ ಜಾರಲು ನೋಡುತ್ತಿದ್ದವು. ಎಂಟು ದಿನ ಹಿಡಿಯಬೇಕಾದ ದಾರ ನಾನು, ವರ್ಷಗಟ್ಟಲೆ ಹಿಡಿದೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಬಿಡುವುದು ನನ್ನ ಕೈಯಲ್ಲಿರಲಿಲ್ಲ, ಅಷ್ಟೇ.

ನಿಂಬಿ ಬೆಳೆದಳು, ಶಾಲೆಗೆ ಹೋದಳು. ಅವ್ವ ಬರುವ ದಿನ ಬೆಳಗ್ಗೆಯೇ ಬಸ್ಸಿನ ದಾರಿ ಕಾಯುತ್ತಿದ್ದಳು. ಬಂದ ಮೇಲೆ ಮೊಣಕಾಲಿಗೆ ಅಂಟಿ ಕೂತು ಶಾಲೆಯದು, ಗೆಳತಿಯರದು, ಆಕಳ ಕರುವಿನದು ಎಲ್ಲ ಹೇಳುತ್ತಿದ್ದಳು. ಫಕೀರವ್ವನ ಕಣ್ಣು ಸೂಜಿಯ ಮೇಲೆ. ಬಾಗಿಲಾಚೆಯಿಂದ ಗಂಡ ನೋಡುತ್ತಿದ್ದಾನೆ, ಬಂದ ಕೆಲಸ ಮಾಡುವುದು ಕಾಣಬೇಕು.

"ಅವ್ವಾ, ನನ್ನ ಕಡೆ ನೋಡಿ ಕೇಳು."

"ಕೇಳಾಕತ್ತೀನಿ ಹೇಳವ್ವ."

"ಹಂಗಲ್ಲ. ನೋಡಿ ಕೇಳು."

ಅವಳು ತಟ್ಟನೆ ನೋಡಿ, ನಕ್ಕು, ಮತ್ತೆ ತಲೆ ಬಗ್ಗಿಸುತ್ತಿದ್ದಳು. ಆ ಕೌದಿ ಯಾಕೆ ಹಾಗೆ ಉಳಿದಿದೆ, ಅದು ಮುಗಿದರೆ ಏನಾಗುತ್ತದೆ ಎಂದು ನಿಂಬಿಗೆ ಯಾರೂ ಹೇಳಿರಲಿಲ್ಲ. ಕೂಸಿನ ಮುಂದೆ ಆಡುವ ಮಾತಲ್ಲವೆಂದು ದೊಡ್ಡವರು ಬಾಯಿ ಮುಚ್ಚಿಕೊಂಡಿದ್ದರು. ಅವಳಿಗೆ ಕಂಡದ್ದು ಒಂದೇ. ಅವ್ವ ಬರುತ್ತಾಳೆ, ಈ ಹಾಳು ಕೌದಿ ಅವಳನ್ನು ಇಡೀ ದಿನ ನುಂಗುತ್ತದೆ.

ಒಂದು ಸಲ ಸುಗ್ಗಿ ಮುಗಿದರೂ ಫಕೀರವ್ವ ಬರಲಿಲ್ಲ. ಅವಳಿಗೆ ಗಂಡುಮಗು ಹುಟ್ಟಿದೆ, ಬಾಣಂತಿ, ಪಂಚಮಿಗೆ ಬರುತ್ತಾಳೆ ಎಂದು ಸುದ್ದಿ ಬಂತು. ಆ ಬೇಸಿಗೆಯ ರಜೆಯಲ್ಲಿ ನಿಂಬಿ ಒಂದು ನಿರ್ಧಾರ ಮಾಡಿದಳು. ಹಸಿ ಬಾಣಂತಿ ಬಂದು ಬೆನ್ನು ಬಗ್ಗಿಸಿ ಹೊಲಿಯುವುದು ಬೇಡ. ಕೌದಿ ಮುಗಿದಿದ್ದರೆ ಅವ್ವನಿಗೆ ಕೆಲಸವೇ ಇರುವುದಿಲ್ಲ. ಇಡೀ ದಿನ ನನ್ನ ಮುಖ ನೋಡಿಕೊಂಡು ಕೂರುತ್ತಾಳೆ. ಇದೆಲ್ಲ ಅವಳು ಕರುವಿನ ಮುಂದೆ ಹೇಳಿದ್ದು ನನಗೆ ಕೇಳಿಸಿತು.

ಶಿವಗಂಗವ್ವ ಹೊಲದ ಕೆಲಸಕ್ಕೆ ಹೋದ ಮೇಲೆ ನಿಂಬಿ ಬಟ್ಟೆ ಹಾಕುವ ಗಳುವಿನ ಮೇಲಿದ್ದ ಕೌದಿಯನ್ನು ಇಳಿಸುತ್ತಿದ್ದಳು. ಬಾಗಿಲು ಮುಂದೆ ಮಾಡಿ ಸೂಜಿ ಹಿಡಿಯುತ್ತಿದ್ದಳು. ಬೇಸಿಗೆಯಲ್ಲಿ ಕೌದಿ ಯಾರಿಗೆ ಬೇಕು? ಮಡಚಿ ಮತ್ತೆ ಗಳುವಿಗೆ ಹಾಕಿದರೆ ಮುದುಕಿಗೆ ಗೊತ್ತೂ ಆಗುತ್ತಿರಲಿಲ್ಲ. ಮೊದಮೊದಲು ಬೆರಳಿಗೆ ಚುಚ್ಚಿಕೊಂಡಳು, ಬಾಯಲ್ಲಿಟ್ಟು ಚೀಪಿದಳು, ಮತ್ತೆ ಹೊಲಿದಳು. ಸೊಟ್ಟ ಹೋದದ್ದನ್ನು ತಾನೇ ಬಿಚ್ಚಿದಳು. ಅವ್ವನ ಹೊಲಿಗೆಯ ಪಕ್ಕ ಬೆರಳಿಟ್ಟು ಅಂತರ ನೋಡಿದಳು. ನನ್ನ ಸಾಲನ್ನು ಗುರಿ ಹಿಡಿದು ಅದರ ಪಕ್ಕದಲ್ಲೇ ಬಂದಳು.

ಬೇಡ ಮಗಳೇ ಎಂದು ನಾನು ಎಷ್ಟು ಅಂದುಕೊಂಡೆನೋ. ಸೂಜಿಗೆ ಸಿಕ್ಕಿಕೊಳ್ಳಬೇಕು, ಗಂಟಾಗಬೇಕು, ಅವಳಿಗೆ ಬೇಸರ ಬರಿಸಬೇಕು ಎಂದೆಲ್ಲ ಆಸೆಪಟ್ಟೆ. ಎಳೆದರೆ ಬರುವ ಜಾತಿ ನನ್ನದು. ಒಂದೊಂದು ಸಾಲು ಮುಗಿದಂತೆ ಅವಳು ನನ್ನನ್ನು ಎಳೆದಳು, ನಾನು ಸರ್ರನೆ ಬಂದೆ. ಕೊನೆಗೆ ನಡುವಿನ ಸಾಲು ಉಳಿಯಿತು. ಅವಳ ತಾಯಿ ಮೊಟ್ಟಮೊದಲು ಹಾಕಿದ ಟಾಕಿ ಅದು. ಅದನ್ನೂ ಎಳೆದು ತೆಗೆದು, ಮುದ್ದೆ ಮಾಡಿ ಗೋಡೆಯ ಮಾಡದಲ್ಲಿಟ್ಟು, ಕೌದಿಯ ಮೇಲೆ ಬಿದ್ದು ಒಬ್ಬಳೇ ನಕ್ಕಳು. ನನಗೆ ಆ ನಗು ನೋಡಲಾಗಲಿಲ್ಲ.

ಪಂಚಮಿ ಬಂತು. ಫಕೀರವ್ವ ಕೈಗೂಸಿನೊಂದಿಗೆ ಬಂದಳು. ಅವತ್ತು ಜಿಟಿಜಿಟಿ ಮಳೆ. ಕಟ್ಟೆ ನೆನೆದಿತ್ತೆಂದು ಬಾಳಪ್ಪ ಬಾಗಿಲ ಒಳಗೇ ನಿಂತ. ಶಿವಗಂಗವ್ವ ಹಬ್ಬದ ಉಂಡಿ ತಟ್ಟೆ ಹಿಡಿದು ಬರುವಷ್ಟರಲ್ಲಿ ನಿಂಬಿ ಕೌದಿಯನ್ನು ತಂದು ಎಲ್ಲರ ನಡುವೆ ಹಾಸಿದಳು.

"ಅವ್ವಾ, ನೋಡಿಲ್ಲಿ! ನಾನ ಮುಗಿಸೀನಿ. ಎಲ್ಲಾ ನಾನ! ಇನ್ನ ನಿಂಗ ಕೆಲಸ ಇಲ್ಲ."

ಫಕೀರವ್ವ ಕೂಸನ್ನು ನೆಲಕ್ಕೆ ಬಿಟ್ಟು, ಕುಕ್ಕರಗಾಲಿನಲ್ಲಿ ಕೂತು, ಮಗಳ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಆಡಿಸಿದಳು. ಅವಳ ಬೆರಳು ಎಲ್ಲೂ ಎಡವಲಿಲ್ಲ.

ಬಾಳಪ್ಪನ ಮುಖದಲ್ಲಿ ಹಗುರಾದ ನಗೆ ಬಂತು. "ಭಾಳ ಶ್ಯಾಣೆ ಅದಾಳ ಹುಡುಗಿ. ಮಗಳ ಕೈ ಅಂದ್ರ ತಾಯಿ ಕೈನ. ಅಂತೂ ಮುಗೀತು ನೋಡ. ಹಿರ್ಯಾರಿಗೆ ಹೇಳಿ ಹೋಗೂಣು."

ಆಗ ಶಿವಗಂಗವ್ವ ತಟ್ಟೆಯನ್ನು ಕುಕ್ಕಿ ಇಟ್ಟಳು. ಕೌದಿಯನ್ನು ಎಳೆದುಕೊಂಡು ಬೆಳಕಿಗೆ ಹಿಡಿದಳು. ಆ ಕಣ್ಣಿಗೆ ಸೂಜಿಯೇ ಕಾಣುತ್ತಿರಲಿಲ್ಲ, ಹೊಲಿಗೆ ಎಲ್ಲಿಂದ ಕಾಣಬೇಕು?

"ಥೂ, ಇದೇನ ಹೊಲಿಗೀನ ಇದು! ಎತ್ತು ಉಚ್ಚಿ ಹೊಯ್ಕೋತ ಹೋದಂಗ ಹೋಗೈತಿ. ಯಾರ ಹೇಳಿದ್ರು ನಿಂಗ ಮುಟ್ಟಂತ? ಇಂಥಾ ಅಡ್ಡಾದಿಡ್ಡಿ ಕೌದಿ ನನ್ನ ಮನ್ಯಾಗ ನಡಿಯಂಗಿಲ್ಲ. ಬಿಚ್ಚಿ ಮತ್ತ ಹೊಲೀಬೇಕು. ಟಾಕಿ ಹಾಕಿದ ಕೈನ ಹೊಲೀಬೇಕು."

ನಿಂಬಿ ಕೌದಿಯ ಅಂಚನ್ನು ಹಿಡಿದೆಳೆದಳು. "ಸುಳ್ಳ, ಆಯಿ! ನೆಟ್ಟಗೈತಿ. ಅವ್ವಾ, ನೀ ಹೇಳು, ನೆಟ್ಟಗಿಲ್ಲೇನು?"

ಮುದುಕಿಯೂ ಸೊಸೆಯನ್ನೇ ನೋಡಿದಳು. ಬಾಳಪ್ಪನೂ ನೋಡಿದ. ಫಕೀರವ್ವನಿಗೆ ಅತ್ತೆ ಏನು ಮಾಡುತ್ತಿದ್ದಾಳೆಂದು ಆ ಕ್ಷಣಕ್ಕೇ ತಿಳಿದಿತ್ತು. ಹೌದು ಮಗಳೇ, ಚೆಂದ ಹೊಲಿದಿದ್ದೀ ಎಂದರೆ ಇದೇ ಕೊನೆಯ ಪಂಚಮಿ. ಅವಳು ಮಗಳ ಮುಖವನ್ನು ನೋಡಿಯೇ ಹೇಳಿದಳು.

"ಇಲ್ಲವ್ವ. ಸೊಟ್ಟ ಆಗೇತಿ."

ನಾನು ಮಾಡದಲ್ಲಿದ್ದೆ. ದಾರಕ್ಕೆ ಎದೆ ಇಲ್ಲ ಎನ್ನುತ್ತಾರೆ, ಇಲ್ಲದ ಎದೆ ಒಡೆಯಿತು. ನಿಂಬಿ ಅಳಲಿಲ್ಲ. ತಾಯಿ ಬ್ಲೇಡು ತೆಗೆದುಕೊಂಡು ಮೊದಲ ಸಾಲು ಬಿಚ್ಚುವವರೆಗೂ ನಿಂತು ನೋಡಿದಳು. ಆಮೇಲೆ, "ನೀ ಬರಬ್ಯಾಡ. ಇನ್ನ ಮ್ಯಾಲ ಬರಬ್ಯಾಡ ಹೋಗು" ಎಂದು ಮಳೆಯಲ್ಲೇ ಓಡಿಹೋದಳು. ಫಕೀರವ್ವ ಏಳಲು ಹೋದಾಗ ಶಿವಗಂಗವ್ವ ಭುಜ ಒತ್ತಿ ಕೂರಿಸಿದಳು. ಬಾಳಪ್ಪ ಅತ್ತ ತಿರುಗಿದಾಗ ಕಿವಿಯಲ್ಲಿ ಹೇಳಿದಳು: "ಈಗ ಹೇಳಬ್ಯಾಡ. ಕೂಸಿನ ಬಾಯಾಗ ಮಾತು ನಿಲ್ಲಂಗಿಲ್ಲ, ನಾಳೆ ಊರ ತುಂಬ ಆಗತೈತಿ. ಹೊಲಿ ನೀ."

ಸಂಜೆಯ ಬಸ್ಸಿನವರೆಗೂ ನಿಂಬಿ ಬರಲಿಲ್ಲ. ಬಾಳಪ್ಪ ನಿಟ್ಟುಸಿರು ಬಿಟ್ಟು, ಎಂದಿನಂತೆ ಕೇಳಿದ: "ಎಷ್ಟ ಉಳೀತು?"

"ಭಾಳ ಐತ್ರಿ" ಎಂದಳು ಫಕೀರವ್ವ. ಅವಳು ಅಷ್ಟು ಸೋತು ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಮೈಯೆಲ್ಲ ಜುಂಜು ಎದ್ದಿದೆ, ತುಂಡು ತುಂಡಾಗಿದ್ದೇನೆ. ಆದರೂ ಸುಗ್ಗಿ ಮುಗಿದು ಬಂದ ಫಕೀರವ್ವ ನನ್ನನ್ನೇ ಮಾಡದಿಂದ ತೆಗೆದು, ಗಂಟು ಹಾಕಿ, ಸಡಿಲಾದ ಪದರುಗಳಿಗೆ ಮತ್ತೆ ಟಾಕಿ ಹಾಕಿದಳು. ಒಮ್ಮೆ ಎಸೆದ ಟಾಕಿಗೆ ಎರಡನೆಯ ಬಾಳು ಬಂದದ್ದು ನಾನು ಕೇಳಿಲ್ಲ. ಸಂತೋಷಪಡಬೇಕೋ ಬೇಡವೋ ತಿಳಿಯುತ್ತಿಲ್ಲ. ನಾನು ಇರುವಷ್ಟು ಕಾಲ ಅವಳು ಬರುತ್ತಾಳೆ. ಆದರೆ ಯಾರಿಗಾಗಿ ಬರುತ್ತಾಳೋ ಆ ಹುಡುಗಿ ಈಗ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ, ಪುಸ್ತಕ ಹಿಡಿದು ಕೂರುತ್ತಾಳೆ.

ಕೌದಿಯ ಒಳಗೆ ಇದ್ದವರಿಗೆ ಮಾತ್ರ ಕಾಣುವ ಒಂದು ಸಂಗತಿ ಇದೆ. ಹೊಲಿಗೆ ಬಿಚ್ಚಿದರೂ ಸೂಜಿಯ ತೂತು ಬಟ್ಟೆಯಲ್ಲಿ ಉಳಿಯುತ್ತದೆ. ನಿಂಬಿ ಚುಚ್ಚಿದ ತೂತುಗಳೆಲ್ಲ ಖಣದ ಮೇಲೆ, ಚೌಕಡಿ ಅಂಗಿಯ ಮೇಲೆ, ಸಾಲಾಗಿ ಹಾಗೆಯೇ ಇವೆ. ಫಕೀರವ್ವ ಹೊಸ ಸಾಲು ಹಿಡಿಯಲಿಲ್ಲ. ಬೆರಳಿನಿಂದ ತಡವಿ, ಮಗಳು ಮಾಡಿದ ಒಂದೊಂದು ತೂತನ್ನೂ ಹುಡುಕಿ, ಅದರಲ್ಲೇ ಸೂಜಿ ಇಳಿಸುತ್ತಿದ್ದಾಳೆ. ಒಂದನ್ನೂ ಬಿಡುತ್ತಿಲ್ಲ.

"ಬಾ ಇಲ್ಲಿ, ನಿಮ್ಮವ್ವ ಎಷ್ಟ ನೆಟ್ಟಗ ಹೊಲ್ಯಾಕತ್ತಾಳ ನೋಡು" ಎಂದು ಶಿವಗಂಗವ್ವ ಕಟ್ಟೆಯ ಮೇಲಿದ್ದ ಬಾಳಪ್ಪನಿಗೂ ಕೇಳುವಂತೆ ಕೂಗಿದಳು.

"ನಂಗ ಬ್ಯಾಡ" ಎಂದಳು ನಿಂಬಿ. ಅವಳು ತಿರುಗಿ ನೋಡಲಿಲ್ಲ.